ಫಾರ್ಮ್ಯಾಟ್ ಹೊಡೆಯುವ ಮೊದಲು

"ಸರ್, ಕಂಪ್ಯೂಟರ್ ಭಾಳ ಸ್ಲೋ ಆಗ್ಯದ, ಒಮ್ಮೆ ಫಾರ್ಮ್ಯಾಟ್ ಹೊಡದು ಕೊಡ್ರಿ." ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ತೆಲಂಗಾಣದ ಗಡಿಯ ಈ ಮೂರು ಊರುಗಳಲ್ಲಿ ಯಾವ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತರೂ ಕನ್ನಡದಲ್ಲೋ ತೆಲುಗಿನಲ್ಲೋ ದಖ್ಖನಿಯಲ್ಲೋ ಈ ಮಾತು ಕೇಳಿಸುತ್ತದೆ. ಅಂಗಡಿಯವರು ಪೆನ್‌ಡ್ರೈವ್ ಚುಚ್ಚಿ ಸಂಜೆಯೊಳಗೆ ಕೆಲಸ ಮುಗಿಸಿಕೊಡುತ್ತಾರೆ. ಮನೆಗೆ ತಂದು ಆನ್ ಮಾಡಿದರೆ ಕಂಪ್ಯೂಟರ್ ಹೊಸದರಂತೆ ಓಡುತ್ತದೆ. ಒಂದು ವಾರ ಕಳೆದ ಮೇಲೆ ಯಾರೋ ಮಗಳ ಮದುವೆಯ ಫೋಟೋ ಕೇಳುತ್ತಾರೆ, ಆಗ ಹುಡುಕಾಟ ಶುರುವಾಗುತ್ತದೆ.

ಈ ಕೆಲಸವನ್ನು ಮನೆಯಲ್ಲಿ ತಾವೇ ಮಾಡಿಕೊಳ್ಳಬೇಕು ಎನ್ನುವವರಿಗಾಗಿ, ಹಿಂದೆಂದೂ ಮಾಡಿಲ್ಲದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಿಂಡೋಸ್ ಎಷ್ಟು ಸಲ ಕೆಟ್ಟರೂ ಮೈಕ್ರೋಸಾಫ್ಟ್‌ನ ತಾಣದಿಂದ ಮತ್ತೆ ಇಳಿಸಿಕೊಳ್ಳಬಹುದು, ಲಿನಕ್ಸ್ ಅಂತೂ ಯಾವತ್ತೂ ಉಚಿತ. ನಿಮ್ಮ ಹೊಲದ ಪಹಣಿಯ ಸ್ಕ್ಯಾನ್, ಅಂಗಡಿಯ ಐದು ವರ್ಷದ ಲೆಕ್ಕ, ಅಜ್ಜಿ ಇದ್ದಾಗ ತೆಗೆದ ವಿಡಿಯೋ ಯಾವ ತಾಣದಲ್ಲೂ ಸಿಗುವುದಿಲ್ಲ. ಆದ್ದರಿಂದ ಈ ಲೇಖನದ ಹೆಚ್ಚು ಭಾಗ ಅಳಿಸುವ ಮೊದಲಿನ ತಯಾರಿಗೇ ಹೋಗುತ್ತದೆ. ನಿಮ್ಮ ಸಮಯವೂ ಹಾಗೆಯೇ ಹೋಗಲಿ ಎಂಬುದು ನನ್ನ ಆಸೆ.

ಆಪರೇಟಿಂಗ್ ಸಿಸ್ಟಂ ಎಂದರೆ ಕೀಬೋರ್ಡ್, ಪರದೆ, ಡಿಸ್ಕ್, ಪ್ರಿಂಟರ್ ಎಲ್ಲದರಿಂದಲೂ ಕೆಲಸ ಮಾಡಿಸುವ ಮೂಲ ತಂತ್ರಾಂಶ. ಜನ ಓಎಸ್ ಎನ್ನುವುದು ಇದನ್ನೇ. ವರ್ಡ್, ಟ್ಯಾಲಿ, ನುಡಿ, ಕ್ರೋಮ್ ಎಲ್ಲವೂ ಇದರ ಮೇಲೆ ಕೂತು ನಡೆಯುತ್ತವೆ. ಇದು ಇರುವುದು ಡಿಸ್ಕ್‌ನ ಸಿ ಡ್ರೈವ್‌ನಲ್ಲಿ. ಹೆಚ್ಚಿನ ಮನೆಗಳ ಕಂಪ್ಯೂಟರಿನಲ್ಲಿ ಒಂದೇ ಡಿಸ್ಕನ್ನು ಸಿ ಮತ್ತು ಡಿ ಎಂದು ಭಾಗ ಮಾಡಿರುತ್ತಾರೆ, ಒಂದೇ ಮನೆಯಲ್ಲಿ ಗೋಡೆ ಹಾಕಿ ಎರಡು ಖೋಲಿ ಮಾಡಿದ ಹಾಗೆ. ಸಿ ಭಾಗವನ್ನು ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ. ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಡೆಸ್ಕ್‌ಟಾಪ್ ಮೇಲೆ ಕಾಣುವ ಫೈಲುಗಳೆಲ್ಲ ಇರುವುದು ಸಿ ಡ್ರೈವ್‌ನಲ್ಲೇ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇರುವುದೂ ಅಲ್ಲೇ. "ನಾನು ಸಿಯಲ್ಲಿ ಏನೂ ಇಟ್ಟಿಲ್ಲ, ಎಲ್ಲಾ ಡೆಸ್ಕ್‌ಟಾಪ್ ಮ್ಯಾಗೇ ಅದ" ಎಂದು ಧೈರ್ಯವಾಗಿ ಹೇಳುವವರು ಕಳೆದುಕೊಳ್ಳುವುದು ಹೀಗೆ.

ಇನ್ನೊಂದು ಪ್ರಶ್ನೆ: ನಿಮ್ಮ ಕಂಪ್ಯೂಟರಿಗೆ ನಿಜವಾಗಿಯೂ ಫಾರ್ಮ್ಯಾಟ್ ಬೇಕೇ? ನಿಧಾನವಾದ ಎಲ್ಲ ಕಂಪ್ಯೂಟರಿಗೂ ಅದೇ ಮದ್ದಲ್ಲ. ಸಿ ಡ್ರೈವ್ ತುಂಬಿ ಕೆಂಪು ಗೆರೆ ಕಾಣುತ್ತಿದ್ದರೆ ಮೊದಲು ಜಾಗ ಖಾಲಿ ಮಾಡಿ ನೋಡಿ. ಸಿಪಿಯು ಪೆಟ್ಟಿಗೆಯ ಫ್ಯಾನಿಗೆ ಧೂಳು ಮೆತ್ತಿಕೊಂಡಿದ್ದರೆ ಯಂತ್ರ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ತಾಂಡೂರಿನಲ್ಲಿ ಫರ್ಸಿ ಪಾಲಿಶ್ ಮಾಡುವ ಘಟಕಗಳ ಹತ್ತಿರ ಮನೆಯಿದ್ದವರು ಇದನ್ನು ಮೊದಲು ನೋಡಬೇಕು. ಒಳಗಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಹಾಕಿಸಿದಾಗ ಬರುವ ವೇಗ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಬರುವುದಿಲ್ಲ. ಎಸ್‌ಎಸ್‌ಡಿ ಹಾಕಿಸುವುದಾದರೆ ಒಂದು ಅನುಕೂಲವೂ ಉಂಟು. ಹೊಸ ಓಎಸ್ ಹೊಸ ಡಿಸ್ಕ್‌ಗೆ ಹೋಗುತ್ತದೆ, ಹಳೆಯ ಡಿಸ್ಕ್ ಇದ್ದಂತೆಯೇ ಕಪಾಟಿನಲ್ಲಿ ಉಳಿಯುತ್ತದೆ. ಹೊಸಬರಿಗೆ ಇದಕ್ಕಿಂತ ಸುರಕ್ಷಿತ ದಾರಿ ನನಗೆ ಕಂಡಿಲ್ಲ. ಆದರೆ ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಫೈಲ್ ತೆರೆಯುವಾಗ ಪದೇ ಪದೇ ಎರರ್ ಬರುತ್ತಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಫೈಲುಗಳನ್ನು ಹೊರಗೆ ತೆಗೆಯಬೇಕು. ಸಾಯುತ್ತಿರುವ ಡಿಸ್ಕ್ ಮೇಲೆ ಹೊಸ ಓಎಸ್ ಹಾಕಬಾರದು.

ವೈರಸ್ ಹಿಡಿದು ಬಿಡದಿದ್ದರೆ, ವಿಂಡೋಸ್ ಏಳದೆ ನೀಲಿ ಪರದೆಯಲ್ಲೇ ನಿಂತರೆ, ಅಥವಾ ಓಎಸ್ ತೀರಾ ಹಳೆಯದಾಗಿದ್ದರೆ ಮರುಸ್ಥಾಪನೆ ಬೇಕೇ ಬೇಕು. ಈಗ ಬಹಳ ಮನೆಗಳಿಗೆ ಬಂದಿರುವುದು ಈ ಮೂರನೆಯ ಕಾರಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತೆಯ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಘೋಷಿಸಿತು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಬೆಂಬಲ ನಿಂತ ದಿನ ಕಂಪ್ಯೂಟರ್ ನಿಲ್ಲುವುದಿಲ್ಲ. ಹೊಸದಾಗಿ ಪತ್ತೆಯಾದ ತೂತುಗಳನ್ನು ಮುಚ್ಚುವವರು ಇರುವುದಿಲ್ಲ, ಅಷ್ಟೆ. ಅಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಹಾಗಾದರೆ ಏನು ಹಾಕುವುದು? ಉತ್ತರ ನಿಮ್ಮ ಯಂತ್ರದ ಒಳಗೇ ಇದೆ. ಸೆಟ್ಟಿಂಗ್ಸ್ ತೆರೆದು ಸಿಸ್ಟಂ, ಅದರೊಳಗೆ ಅಬೌಟ್ ಒತ್ತಿ. ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ವಿಂಡೋಸ್ ಹೋಮ್ ಇದೆಯೋ ಪ್ರೊ ಇದೆಯೋ ಎಲ್ಲವೂ ಅಲ್ಲಿ ಕಾಣುತ್ತದೆ. ನಮ್ಮ ಕಡೆಯ ಬಹಳ ಮನೆಗಳಲ್ಲಿರುವುದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಂಥ ಕಡೆಗಳಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಇಂಟೆಲ್ ಪ್ರೊಸೆಸರ್ ಆಗಿದ್ದರೆ ಐ3, ಐ5, ಐ7 ಎಂಬುದರ ಮುಂದಿನ ಅಂಕಿ ನೋಡಿ. ಐ5-4570 ಎಂದಿದ್ದರೆ ಅದು ನಾಲ್ಕನೇ ತಲೆಮಾರಿನದು, ಐ5-8400 ಎಂದಿದ್ದರೆ ಎಂಟನೆಯದು. ವಿಂಡೋಸ್ 11 ಸಾಮಾನ್ಯವಾಗಿ ಎಂಟನೇ ತಲೆಮಾರು ಮತ್ತು ಅದರ ನಂತರದವನ್ನೇ ಒಪ್ಪುತ್ತದೆ. ಜೊತೆಗೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಅಥವಾ ಅದಕ್ಕೆ ಸಮನಾದ ವ್ಯವಸ್ಥೆ ಕೇಳುತ್ತದೆ. 4 ಜಿಬಿ ಎನ್ನುವುದು ಕಾಗದದ ಮೇಲಿನ ಲೆಕ್ಕ, ನೆಮ್ಮದಿಯಾಗಿ ನಡೆಯಲು 8 ಬೇಕು. ಈ ತಪಾಸಣೆಗಳನ್ನು ದಾಟಿಸುವ ಕಳ್ಳದಾರಿಗಳನ್ನು ಯೂಟ್ಯೂಬಿನಲ್ಲಿ ತೋರಿಸುತ್ತಾರೆ. ಮೊದಲ ಸಲ ಮಾಡುವವರು ಆ ದಾರಿ ತುಳಿಯಬೇಡಿ. ಮುಂದೆ ಅಪ್‌ಡೇಟ್ ಬಂದಾಗ ತೊಡಕಾದರೆ ಬಿಡಿಸಿಕೊಡುವವರು ಇರುವುದಿಲ್ಲ.

ಯಂತ್ರ ಹಳೆಯದಾಗಿದ್ದು ಬ್ರೌಸರ್, ಪತ್ರ ಬರೆಯುವುದು, ವಿಡಿಯೋ ನೋಡುವುದು, ಮಕ್ಕಳ ಓದು ಇಷ್ಟೇ ಕೆಲಸವಿದ್ದರೆ ಲಿನಕ್ಸ್ ಎಂಬ ಉಚಿತ ಓಎಸ್ ಹಾಕಿ. ನಾನು ಇದನ್ನು ಮನಸಾರೆ ಹೇಳುತ್ತೇನೆ. ಅದರ ರೂಪಗಳಾದ ಲಿನಕ್ಸ್ ಮಿಂಟ್ 22, ಉಬುಂಟು 24.04 ಎರಡಕ್ಕೂ 2029ರವರೆಗೆ ಬೆಂಬಲವಿದೆ. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ‍್ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್‌ನಲ್ಲೂ ಹಗುರಾಗಿ ನಡೆಯುತ್ತದೆ. ಹಳ್ಳಿಯವರಿಗೆ, ಹೊಸಬರಿಗೆ ಇದು ಆಗುವುದಿಲ್ಲ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಉಬುಂಟು ಆಧಾರದ ಕೈಟ್ ಗ್ನೂ/ಲಿನಕ್ಸ್ ಇದೆ, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಆದರೆ ಟ್ಯಾಲಿ ಇಟ್ಟುಕೊಂಡ ದಾಲ್‌ಮಿಲ್ಲಿನವರು, ನುಡಿ ಮತ್ತು ಪೇಜ್‌ಮೇಕರ್ ನೆಚ್ಚಿದ ಡಿಟಿಪಿಯವರು ವಿಂಡೋಸಿನಲ್ಲೇ ಇರುವುದು ಒಳ್ಳೆಯದು. ಆ ತಂತ್ರಾಂಶಗಳು ವಿಂಡೋಸಿಗೆಂದೇ ಮಾಡಿದವು.

ವಿಂಡೋಸನ್ನೇ ಮತ್ತೆ ಹಾಕುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಎಂಬ ಪುಟ ನೋಡಿ. "ಡಿಜಿಟಲ್ ಲೈಸೆನ್ಸ್" ಎಂಬ ಮಾತಿದ್ದರೆ ಅನುಮತಿ ನಿಮ್ಮ ಯಂತ್ರದ ಗುರುತಿಗೆ ಅಂಟಿಕೊಂಡಿದೆ ಎಂದು ಅರ್ಥ. ಅದೇ ಯಂತ್ರದಲ್ಲಿ ಅದೇ ಆವೃತ್ತಿ ಹಾಕಿದರೆ ಕೀ ಕೇಳಿದಾಗ "ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ" ಒತ್ತಿ ಮುಂದೆ ಹೋಗಬಹುದು, ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದ ಕಡೆ ಪ್ರೊ ಹಾಕಿದರೆ ಆಗುವುದಿಲ್ಲ. ಕ್ರ್ಯಾಕ್ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಆ ಕ್ರ್ಯಾಕ್ ಓಡುವ ಮೊದಲು ಹೆಚ್ಚಾಗಿ ಆಂಟಿವೈರಸ್ ಬಂದ್ ಮಾಡಿಸುತ್ತದೆ. ಬಾಗಿಲು ತೆಗೆಸಿ ಒಳಗೆ ಬಂದ ತಂತ್ರಾಂಶ ಏನು ಮಾಡುತ್ತದೆ ಎಂದು ತಿಳಿಯಲು ನಮ್ಮ ಹತ್ತಿರ ದಾರಿಯಿಲ್ಲ.

ಈಗ ಬ್ಯಾಕಪ್‌ಗೆ ಬರೋಣ. ಒಂದು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್ ತೆಗೆದುಕೊಳ್ಳಿ. ಓಎಸ್ ಹಾಕಲು ಬಳಸುವ ಪೆನ್‌ಡ್ರೈವ್ ಬೇರೆ, ಇದು ಬೇರೆ, ಎರಡನ್ನೂ ಕಲೆಸಬೇಡಿ. ಸಿ ಡ್ರೈವ್ ತೆರೆದು ಯೂಸರ್ಸ್ ಎಂಬ ಫೋಲ್ಡರಿಗೆ ಹೋಗಿ, ಅದರಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಅದರಲ್ಲಿರುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಎಲ್ಲವನ್ನೂ ನಕಲು ಮಾಡಿ. ಮನೆಯಲ್ಲಿ ಬೇರೆಯವರಿಗೆ ಬೇರೆ ಅಕೌಂಟ್ ಇದ್ದರೆ ಅವರ ಫೋಲ್ಡರನ್ನೂ ಮಾಡಬೇಕು. ನಕಲು ಮುಗಿದ ಮೇಲೆ ಮೂಲ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ, ಎಷ್ಟು ಫೈಲ್ ಎಂದು ಬರೆದುಕೊಳ್ಳಿ. ನಕಲಿನ ಫೋಲ್ಡರಿನಲ್ಲೂ ಹಾಗೆಯೇ ನೋಡಿ. ಎರಡೂ ಸಂಖ್ಯೆ ಹೊಂದಬೇಕು. ಹೊಂದದಿದ್ದರೆ ಮುಂದೆ ಹೋಗಬೇಡಿ.

ಫೈಲ್ ಹೆಸರಿನ ಪಕ್ಕ ಮೋಡದ ಚಿತ್ರ ಕಂಡರೆ ಅದು ಒನ್‌ಡ್ರೈವ್‌ನಲ್ಲಿದೆ, ನಿಮ್ಮ ಡಿಸ್ಕ್‌ನಲ್ಲಿ ಇಲ್ಲ. ಆ ಅಕೌಂಟಿನ ಇಮೇಲ್ ಮತ್ತು ಪಾಸ್‌ವರ್ಡ್ ನೆನಪಿದೆಯೇ ಎಂದು ಈಗಲೇ ಲಾಗಿನ್ ಮಾಡಿ ನೋಡಬೇಕು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಹೀಗೆಯೇ. ಕ್ರೋಮ್‌ನಲ್ಲಿ ಗೂಗಲ್ ಅಕೌಂಟಿನಿಂದ ಸಿಂಕ್ ಆನ್ ಇದ್ದರೆ ಉಳಿಯುತ್ತವೆ, ಇಲ್ಲವಾದರೆ ಕಂಪ್ಯೂಟರಿನೊಂದಿಗೆ ಅಳಿಯುತ್ತವೆ.

ನಮ್ಮ ಗಡಿ ಊರುಗಳಿಗೆಂದೇ ಇರುವ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ಇಲ್ಲಿ ನಮ್ಮ ಮನೆಮಾತು ಕನ್ನಡ, ಶಾಲೆ ಮತ್ತು ಕಚೇರಿ ತೆಲುಗು, ಬಜಾರಿನಲ್ಲಿ ಉರ್ದು. ಒಂದೇ ಕಂಪ್ಯೂಟರಿನಲ್ಲಿ ನುಡಿಯಲ್ಲಿ ಹೊಡೆದ ಲಗ್ನಪತ್ರಿಕೆ, ಅನು ಫಾಂಟಿನಲ್ಲಿ ಹೊಡೆದ ತೆಲುಗು ಅರ್ಜಿ, ಇನ್‌ಪೇಜ್‌ನಲ್ಲಿ ಹೊಡೆದ ಉರ್ದು ಪತ್ರ ಮೂರೂ ಇರುತ್ತವೆ. ಹಳೆಯ ನುಡಿ, ಹಳೆಯ ಬರಹ, ಅನು ಫಾಂಟುಗಳಲ್ಲಿ ಬರೆದದ್ದು ಫೈಲಿನೊಳಗೆ ಕನ್ನಡವಾಗಿಯೋ ತೆಲುಗಾಗಿಯೋ ಕೂತಿರುವುದಿಲ್ಲ. ಅಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಸಂಕೇತದ ಜಾಗದಲ್ಲಿ ಕನ್ನಡದ ಆಕಾರ ಬಿಡಿಸುವುದು ಫಾಂಟ್. ಫಾಂಟ್ ಹೋದರೆ ಇಡೀ ಪತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಫೈಲ್ ಕೆಟ್ಟಿತು ಎಂದುಕೊಂಡು ಅಳಿಸಿ ಹಾಕಿದವರಿದ್ದಾರೆ. ಅದು ಕೆಟ್ಟಿರುವುದಿಲ್ಲ, ಸರಿಯಾದ ಫಾಂಟ್ ಹಾಕಿದ ಕ್ಷಣ ಮತ್ತೆ ಓದಲು ಬರುತ್ತದೆ.

ಈ ಫಾಂಟುಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿ. ನಿಮ್ಮ ಹೆಸರಿನ ಫೋಲ್ಡರನ್ನು ಪೂರ್ತಿ ನಕಲು ಮಾಡಿದರೂ ಅವು ಬರುವುದಿಲ್ಲ. ಅದಕ್ಕೆ ಫಾಂಟ್ಸ್ ಫೋಲ್ಡರ್ ತೆರೆದು ನುಡಿ, ಬರಹ, ಅನು ತಂತ್ರಾಂಶಗಳ ಫಾಂಟುಗಳನ್ನೆಲ್ಲ ಆರಿಸಿ ಬ್ಯಾಕಪ್ ಡಿಸ್ಕ್‌ನಲ್ಲಿ ಬೇರೆ ಫೋಲ್ಡರ್ ಮಾಡಿ ಇಡಿ. ತಂತ್ರಾಂಶಗಳ ಇನ್‌ಸ್ಟಾಲ್ ಫೈಲ್ ಇದ್ದರೆ ಅದೂ ಇರಲಿ. ಬಹಳ ಮುಖ್ಯವಾದ ಪತ್ರಗಳನ್ನು ಈಗಲೇ ಪಿಡಿಎಫ್ ಮಾಡಿಕೊಳ್ಳಿ, ಪಿಡಿಎಫ್‌ನಲ್ಲಿ ಫಾಂಟ್ ಜೊತೆಯಲ್ಲೇ ಸೇರಿಕೊಳ್ಳುತ್ತದೆ. ಬಿಡುವಿದ್ದಾಗ ಹಳೆಯ ಕನ್ನಡ ಕಡತಗಳನ್ನು ಯುನಿಕೋಡಿಗೆ ಬದಲಾಯಿಸಿ. ಬರಹದ ಜೊತೆ ಬರುವ ಪರಿವರ್ತಕ ಈ ಕೆಲಸ ಮಾಡುತ್ತದೆ. ಯುನಿಕೋಡಿನಲ್ಲಿ ಇದ್ದದ್ದು ಯಾವ ಹೊಸ ವಿಂಡೋಸಿನಲ್ಲೂ, ಲಿನಕ್ಸಿನಲ್ಲೂ, ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ.

ಟ್ಯಾಲಿ ಇದ್ದವರು ಅದರೊಳಗಿನ ಬ್ಯಾಕಪ್ ಆಯ್ಕೆಯಿಂದಲೇ ಕಂಪನಿಯ ಡೇಟಾ ತೆಗೆದುಕೊಳ್ಳಬೇಕು, ಡೇಟಾ ಫೋಲ್ಡರನ್ನೂ ಬೇರೆಯಾಗಿ ನಕಲು ಮಾಡಬೇಕು. ಲೈಸೆನ್ಸ್ ಇದ್ದರೆ ಅಳಿಸುವ ಮೊದಲು ಸರೆಂಡರ್ ಮಾಡಿ, ಆಗ ಹೊಸ ವಿಂಡೋಸಿನಲ್ಲಿ ಅದೇ ಲೈಸೆನ್ಸ್ ಮತ್ತೆ ಎಬ್ಬಿಸುವುದು ಸುಲಭ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇರುವವರಿಗೆ ಆತಂಕ ಬೇಡ, ಸಹಿ ಟೋಕನ್ನಿನೊಳಗೇ ಇರುತ್ತದೆ, ಆಮೇಲೆ ಅದರ ಡ್ರೈವರ್ ಹಾಕಿದರೆ ಸಾಕು. ಟೋಕನ್ನನ್ನು ಮಾತ್ರ ಫಾರ್ಮ್ಯಾಟ್ ಮಾಡಬಾರದು.

ಇನ್ನು ಲ್ಯಾಪ್‌ಟಾಪ್ ಇರುವವರು ಡಿಸ್ಕ್‌ಗೆ ಬೀಗ ಹಾಕುವ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಆನ್ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಈಚಿನ ಯಂತ್ರಗಳಲ್ಲಿ ಅದು ನಮಗೆ ಹೇಳದೆಯೇ ಆನ್ ಆಗಿರಬಹುದು. ಆನ್ ಇದ್ದರೆ 48 ಅಂಕಿಗಳ ಒಂದು ರಿಕವರಿ ಕೀ ಇರುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ. ಕಾಗದದ ಮೇಲೆ ಬರೆದಿಡಿ, ಅಂಕಿ ಅಂಕಿ ಹೊಂದಿಸಿ ಇನ್ನೊಮ್ಮೆ ಓದಿ. ಸಿ ಅಳಿಸಿದ ಮೇಲೆ ಡಿ ಡ್ರೈವ್ ಬೀಗ ಹಾಕಿಕೊಂಡು ಕೂತರೆ ಆ 48 ಅಂಕಿ ಇಲ್ಲದೆ ಯಾರೂ ತೆಗೆಯಲಾರರು, ಕಂಪನಿಯವರೂ ತೆಗೆಯಲಾರರು.

ಎಲ್ಲ ನಕಲಾದ ಮೇಲೆ ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ತೆರೆದು ನೋಡಿ. ಪಕ್ಕದ ಮನೆಯದಾದರೂ ಆಯಿತು. ನಾಲ್ಕು ಫೋಟೋ, ಒಂದು ನುಡಿ ಪತ್ರ, ಒಂದು ಎಕ್ಸೆಲ್ ತೆರೆಯಿರಿ. ನನ್ನ ವಿದ್ಯಾರ್ಥಿಗಳು ಈ ಹಂತ ದಾಟುವವರೆಗೆ ನಾನು ಮುಂದಿನ ಪಾಠ ಹೇಳುವುದಿಲ್ಲ. ತೀರಾ ಬೇಕಾದದ್ದರ ಇನ್ನೊಂದು ಪ್ರತಿ ಗೂಗಲ್ ಡ್ರೈವ್‌ನಲ್ಲೋ ಬೇರೆ ಪೆನ್‌ಡ್ರೈವ್‌ನಲ್ಲೋ ಇರಲಿ.

ಕಂಪ್ಯೂಟರ್ ಏಳುತ್ತಲೇ ಇಲ್ಲ, ನಕಲು ಹೇಗೆ ಮಾಡುವುದು ಎಂದು ಕೇಳಬಹುದು. ಅದಕ್ಕೂ ದಾರಿಯಿದೆ. ಬೇರೆ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್‌ನ ಪೆನ್‌ಡ್ರೈವ್ ಮಾಡಿ ಅದರಿಂದ ನಿಮ್ಮ ಯಂತ್ರ ಎಬ್ಬಿಸಿದರೆ, ಏನನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡುತ್ತದೆ. ಅಲ್ಲಿಂದ ಹಳೆಯ ಸಿ ಡ್ರೈವ್ ತೆರೆದು ಹೊರಗಿನ ಡಿಸ್ಕ್‌ಗೆ ಫೈಲುಗಳನ್ನು ಎಳೆದು ಹಾಕಬಹುದು. ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಎಂಬ ಚಿತ್ರವನ್ನು ಮಾತ್ರ ಮುಟ್ಟಬೇಡಿ.

ವಿಂಡೋಸ್ ಏಳುತ್ತಿದೆ, ಹಳೆಯದನ್ನೇ ಶುದ್ಧ ಮಾಡಿಕೊಂಡರೆ ಸಾಕು ಎನ್ನುವವರಿಗೆ ಪೆನ್‌ಡ್ರೈವೂ ಬೇಕಿಲ್ಲ. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ "ರೀಸೆಟ್ ದಿಸ್ ಪಿಸಿ" ಇದೆ. "ಕೀಪ್ ಮೈ ಫೈಲ್ಸ್" ಒತ್ತಿದರೆ ನಿಮ್ಮ ಫೋಲ್ಡರ್ ಉಳಿದು ತಂತ್ರಾಂಶಗಳು ಮತ್ತು ಸೆಟ್ಟಿಂಗ್‌ಗಳು ಹೋಗುತ್ತವೆ, "ರಿಮೂವ್ ಎವ್ರಿಥಿಂಗ್" ಒತ್ತಿದರೆ ಎಲ್ಲವೂ ಹೋಗುತ್ತದೆ. ಮೊದಲ ಸಲದವರು ಮೊದಲಿನದನ್ನೇ ಆರಿಸಿ. ಫೈಲ್ ಉಳಿಯುತ್ತದೆ ಎಂದು ಅದು ಹೇಳಿದರೂ ಬ್ಯಾಕಪ್ ಆಗಿರಲೇಬೇಕು. ನಡುವೆ ಕರೆಂಟ್ ಹೋದರೆ ಆ ಮಾತಿಗೆ ಹೊಣೆ ಯಾರು?

ಪೆನ್‌ಡ್ರೈವ್ ಮಾಡಿಕೊಳ್ಳುವ ಕೆಲಸ ಸುಲಭ. ಕನಿಷ್ಠ 8 ಜಿಬಿಯದು ಬೇಕು, ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ವಿಂಡೋಸಿಗೆ ಮೈಕ್ರೋಸಾಫ್ಟ್ ತಾಣದಲ್ಲಿ ಮೀಡಿಯಾ ಕ್ರಿಯೇಶನ್ ಟೂಲ್ ಸಿಗುತ್ತದೆ, ಅದೇ ಇಳಿಸಿ ಅದೇ ಬರೆಯುತ್ತದೆ. ಲಿನಕ್ಸಿಗೆ ಐಎಸ್‌ಒ ಫೈಲ್ ಇಳಿಸಿ ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ಎರಡೂ ಹಲವು ಜಿಬಿಗಳ ಡೌನ್‌ಲೋಡ್, ಫೋನಿನ ದಿನದ ಡೇಟಾದಲ್ಲಿ ಮುಗಿಯುವುದಿಲ್ಲ. ವೈಫೈ ಇರುವ ಕಡೆ ಕೂತು ಮಾಡಿ. ಹಾಗೆ ಕೂತಾಗಲೇ ಡೆಲ್, ಎಚ್‌ಪಿ, ಲೆನೊವೊ, ನಿಮ್ಮದು ಯಾವುದೋ ಆ ಕಂಪನಿಯ ತಾಣದಿಂದ ವೈಫೈ ಡ್ರೈವರ್ ಇಳಿಸಿ ಬ್ಯಾಕಪ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಯಾರೋ ಕೊಟ್ಟ ಪೆನ್‌ಡ್ರೈವ್‌ನಲ್ಲಿ ಎಲ್ಲ ತಂತ್ರಾಂಶವೂ ಸೇರಿಸಿದ ವಿಂಡೋಸ್ ಇದೆ ಎಂದರೆ ಆಸೆಪಡಬೇಡಿ. ಅದರಲ್ಲಿ ಇನ್ನೇನು ಸೇರಿದೆಯೋ ತಿಳಿಯದು.

ಇನ್‌ಸ್ಟಾಲ್ ಮಾಡುವ ದಿನ ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿರಬೇಕು, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇದ್ದರೆ ನೆಮ್ಮದಿ. ಮಳೆ ಗುಡುಗಿನ ಸಂಜೆ ಈ ಕೆಲಸ ಹಿಡಿಯಬೇಡಿ. ಬ್ಯಾಕಪ್ ಡಿಸ್ಕನ್ನು ತೆಗೆದು ಇನ್ನೊಂದು ಕೋಣೆಯಲ್ಲಿಡಿ. ತಪ್ಪಿ ಅದನ್ನೇ ಆರಿಸುವ ಸಾಧ್ಯತೆ ಆಗ ಇರುವುದೇ ಇಲ್ಲ. ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿ, ಕಂಪನಿಯ ಹೆಸರು ಕಾಣುವ ಮೊದಲೇ ಬೂಟ್ ಮೆನುವಿನ ಕೀಲಿ ಒತ್ತುತ್ತಿರಿ. ಡೆಲ್ ಮತ್ತು ಲೆನೊವೊಗಳಲ್ಲಿ ಅದು ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್‌ನ ಹೆಸರು ಆರಿಸಿ. ಆ ಪಟ್ಟಿಯಲ್ಲಿ ಅದು ಎರಡು ಸಲ ಕಂಡರೆ ಯುಇಎಫ್ಐ ಎಂದಿರುವುದನ್ನು ಒತ್ತಿ.

ಭಾಷೆ, ಕೀಬೋರ್ಡ್ ಕೇಳುವ ಪರದೆಗಳಲ್ಲಿ ಏನೂ ಅಪಾಯವಿಲ್ಲ. ಅವುಗಳನ್ನು ದಾಟಿದ ಮೇಲೆ ಒಂದು ಪರದೆ ಬರುತ್ತದೆ, ಅದರಲ್ಲಿ ಡಿಸ್ಕ್‌ನ ಭಾಗಗಳ ಪಟ್ಟಿ. ಇಲ್ಲಿ ಕೈಯನ್ನು ಮೌಸ್‌ನಿಂದ ತೆಗೆದು ಓದಿ. ಸಿ, ಡಿ ಎಂಬ ಹೆಸರು ಇಲ್ಲಿ ಕಾಣುವುದಿಲ್ಲ. ಡಿಸ್ಕ್ 0 ಪಾರ್ಟಿಶನ್ 1, ಪಾರ್ಟಿಶನ್ 2 ಎಂದು ಅಂಕಿಗಳಿರುತ್ತವೆ. ಗುರುತು ಹಿಡಿಯುವುದು ಗಾತ್ರದಿಂದ. ಅದಕ್ಕಾಗಿ ಹಳೆಯ ವಿಂಡೋಸ್ ಇದ್ದಾಗಲೇ ಸಿ ಎಷ್ಟು ಜಿಬಿ, ಡಿ ಎಷ್ಟು ಜಿಬಿ ಎಂದು ಕಾಗದದಲ್ಲಿ ಬರೆದಿಟ್ಟುಕೊಂಡಿರಬೇಕು, ಬೇಕಾದರೆ ಡಿಸ್ಕ್‌ನ ಭಾಗಗಳನ್ನು ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಫೋಟೋ ಫೋನಿನಲ್ಲಿ ತೆಗೆದುಕೊಳ್ಳಿ. ಸಿ ಮತ್ತು ಡಿ ಒಂದೇ ಗಾತ್ರದವಾಗಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಫೋಟೋದ ಕ್ರಮ ನೋಡಿ, ಖಾಲಿ ಇರುವ ಜಾಗದ ಅಂಕಿಯನ್ನೂ ಹೊಂದಿಸಿ. 100 ಎಂಬಿಯಷ್ಟು ಪುಟ್ಟ ಸಿಸ್ಟಂ ಭಾಗ, ರಿಕವರಿ ಭಾಗ ಎಂದು ಚಿಕ್ಕಪುಟ್ಟವೂ ಕಾಣುತ್ತವೆ. ಹೊಸಬರು ಅವುಗಳ ಗೊಡವೆಗೆ ಹೋಗಬೇಕಿಲ್ಲ.

ಸಿ ಭಾಗ ಯಾವುದೆಂದು ಖಾತ್ರಿಯಾದರೆ ಅದನ್ನು ಮಾತ್ರ ಆರಿಸಿ ಫಾರ್ಮ್ಯಾಟ್ ಒತ್ತಿ, ಆಮೇಲೆ ನೆಕ್ಸ್ಟ್. ಡಿಲೀಟ್ ಎಂಬುದು ಬೇರೆ ಕೆಲಸ, ಅದು ನಡುವಿನ ಗೋಡೆಯನ್ನೇ ಕೆಡವುತ್ತದೆ. ಫಾರ್ಮ್ಯಾಟ್ ಮಾಡದೆ ನೇರ ನೆಕ್ಸ್ಟ್ ಒತ್ತಿದರೂ ನಡೆಯುತ್ತದೆ, ಆಗ ಹಳೆಯ ವಿಂಡೋಸ್ ಮತ್ತು ಬಳಕೆದಾರರ ಫೋಲ್ಡರುಗಳು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಸರಿಯುತ್ತವೆ. ವೈರಸ್ ಕಾರಣವಲ್ಲದಿದ್ದರೆ, ಜಾಗ ಸಾಕಷ್ಟಿದ್ದರೆ, ನಾನು ಹೊಸಬರಿಗೆ ಈ ದಾರಿಯನ್ನೇ ಹೇಳುತ್ತೇನೆ. ಮರೆತ ಫೈಲ್ ಒಂದಿದ್ದರೆ ಅಲ್ಲಿ ಸಿಗುತ್ತದೆ. ಲಿನಕ್ಸಿನಲ್ಲಿ "ಇರೇಸ್ ಡಿಸ್ಕ್" ಎಂಬ ಆಯ್ಕೆ ಕಂಡರೆ ಅದು ಸಿ ಡಿ ಎನ್ನದೆ ಇಡೀ ಡಿಸ್ಕ್ ಅಳಿಸುತ್ತದೆ ಎಂದು ತಿಳಿದಿರಿ.

ಈ ಪರದೆಯಲ್ಲಿ ಕೆಲವೊಮ್ಮೆ ಎರರ್ ಬರುತ್ತದೆ. ಪಾರ್ಟಿಶನ್ ಶೈಲಿ ಹೊಂದುವುದಿಲ್ಲ, ಜಿಪಿಟಿ, ಎಂಬಿಆರ್ ಎಂದೇನೋ ಬರೆದಿರುತ್ತದೆ. ಬಹಳ ಸಲ ಬೂಟ್ ಮೆನುವಿಗೆ ಮರಳಿ ಪೆನ್‌ಡ್ರೈವ್‌ನ ಇನ್ನೊಂದು ಹೆಸರನ್ನು ಆರಿಸಿದರೆ ಸರಿಹೋಗುತ್ತದೆ. ಯೂಟ್ಯೂಬ್ ಇದಕ್ಕೆ ಡಿಸ್ಕ್‌ಪಾರ್ಟ್ ತೆರೆದು ಕ್ಲೀನ್ ಎಂದು ಟೈಪ್ ಮಾಡಿ ಎನ್ನುತ್ತದೆ. ಆ ಒಂದು ಪದ ಸಿ, ಡಿ, ಎಲ್ಲವನ್ನೂ ಒಂದೇ ಏಟಿಗೆ ಒರೆಸುತ್ತದೆ, ಮತ್ತೆ ಕೇಳುವುದೂ ಇಲ್ಲ. ಡಿಯಲ್ಲಿರುವುದರ ನಕಲು ಇಲ್ಲದಿದ್ದರೆ ಅದನ್ನು ಟೈಪ್ ಮಾಡಲೇಬೇಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೇ ಕಾಣದೆ ಪಟ್ಟಿ ಖಾಲಿ ಇರುವುದೂ ಉಂಟು. ಡಿಸ್ಕ್ ಸತ್ತಿದೆ ಎಂದಲ್ಲ, ಕಂಪನಿಯ ತಾಣದಿಂದ ಸ್ಟೋರೇಜ್ ಡ್ರೈವರ್ ತಂದು ಅಲ್ಲೇ ಲೋಡ್ ಮಾಡಿದರೆ ಕಾಣುತ್ತದೆ. ಏನೂ ತೋಚದಿದ್ದರೆ ಆಫ್ ಮಾಡಿ ಎದ್ದುಬಿಡಿ. ಫಾರ್ಮ್ಯಾಟ್, ಡಿಲೀಟ್, ನೆಕ್ಸ್ಟ್ ಯಾವುದನ್ನೂ ಒತ್ತಿಲ್ಲದಿದ್ದರೆ ಏನೂ ಅಳಿದಿರುವುದಿಲ್ಲ, ಹಳೆಯ ವಿಂಡೋಸ್ ಮೊದಲಿನಂತೆಯೇ ಇರುತ್ತದೆ.

ಫೈಲುಗಳು ನಕಲಾಗಿ ಯಂತ್ರ ತಾನೇ ರೀಸ್ಟಾರ್ಟ್ ಆದಾಗ ಮತ್ತೆ ಮೊದಲ ಪರದೆಯೇ ಬಂದರೆ ಗಾಬರಿಯಾಗಬೇಡಿ, ಅದು ಮತ್ತೆ ಪೆನ್‌ಡ್ರೈವ್‌ನಿಂದ ಎದ್ದಿದೆ. ಪೆನ್‌ಡ್ರೈವ್ ಕಿತ್ತು ಇನ್ನೊಮ್ಮೆ ಆನ್ ಮಾಡಿ. ವಿಂಡೋಸ್ 11 ಹೋಮ್ ಈ ಹಂತದಲ್ಲಿ ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ವೈಫೈ ಹಿಡಿಯದಿದ್ದರೆ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹುಪಾಲು ಯಂತ್ರಗಳು ಅದನ್ನು ಯಾವ ಡ್ರೈವರೂ ಇಲ್ಲದೆ ಒಪ್ಪಿಕೊಳ್ಳುತ್ತವೆ.

ಡೆಸ್ಕ್‌ಟಾಪ್ ಬಂದ ಮೇಲೆ ಮೊದಲ ಕೆಲಸ ವಿಂಡೋಸ್ ಅಪ್‌ಡೇಟ್. ಹೊಸ ಅಪ್‌ಡೇಟ್ ಇಲ್ಲ ಎನ್ನುವವರೆಗೂ ಮಾಡಿ, ಡ್ರೈವರುಗಳಲ್ಲಿ ಹೆಚ್ಚಿನವು ಅದರಲ್ಲೇ ಬರುತ್ತವೆ. ಆಕ್ಟಿವೇಶನ್ ಪುಟ ನೋಡಿ. ಬ್ಯಾಕಪ್ ಡಿಸ್ಕ್ ಜೋಡಿಸುವುದು ಇದಾದ ಮೇಲೆ. ವೈರಸ್‌ನಿಂದಾಗಿ ಫಾರ್ಮ್ಯಾಟ್ ಮಾಡಿದ್ದರೆ ಡಿಸ್ಕನ್ನು ಮೊದಲು ವಿಂಡೋಸ್ ಸೆಕ್ಯುರಿಟಿಯಿಂದ ಸ್ಕ್ಯಾನ್ ಮಾಡಿಸಿ, ಹಳೆಯ ಇನ್‌ಸ್ಟಾಲ್ ಫೈಲುಗಳನ್ನು ಓಡಿಸದೆ ಹೊಸದಾಗಿ ಇಳಿಸಿಕೊಳ್ಳಿ.

ಕೊನೆಗೆ ನಮ್ಮ ಭಾಷೆಗಳನ್ನು ಕೂರಿಸಬೇಕು. ಸೆಟ್ಟಿಂಗ್ಸ್‌ನ ಟೈಮ್ ಆ್ಯಂಡ್ ಲ್ಯಾಂಗ್ವೇಜ್ ಪುಟದಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಸೇರಿಸಿ. 2019ರ ವಿಂಡೋಸ್ 10 ಅಪ್‌ಡೇಟಿನಿಂದ ಈಚೆಗೆ ಕನ್ನಡಕ್ಕೂ ತೆಲುಗಿಗೂ ಫೊನೆಟಿಕ್ ಕೀಬೋರ್ಡ್ ಜೊತೆಯಲ್ಲೇ ಬರುತ್ತದೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಬಾರ್ ಒತ್ತಿದಂತೆಲ್ಲ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಬಹುದು. ಬರೆಯುವುದಕ್ಕೆ ಇಷ್ಟು ಸಾಕು. ಹಳೆಯದನ್ನು ಓದುವುದಕ್ಕೆ ತೆಗೆದಿಟ್ಟ ನುಡಿ, ಅನು ಫಾಂಟುಗಳನ್ನು ಆರಿಸಿ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಒಂದು ಹಳೆಯ ಪತ್ರ ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ನೋಡಿ. ಆಮೇಲೆ ಫೈಲುಗಳನ್ನು ಬ್ಯಾಕಪ್‌ನಿಂದ ನಕಲು ಮಾಡಿ ತನ್ನಿ, ಕಟ್ ಮಾಡಿ ತರಬೇಡಿ. ಟ್ಯಾಲಿಯಲ್ಲಿ ಒಂದು ತಿಂಗಳ ಲೆಕ್ಕ ಹಾಕಿ ಮುಗಿಸುವವರೆಗೆ, ಮನೆಯ ಎಲ್ಲರೂ ತಮ್ಮ ತಮ್ಮ ಫೋಲ್ಡರ್ ತೆರೆದು ನೋಡಿ ಎಲ್ಲಾ ಇದೆ ಎನ್ನುವವರೆಗೆ ಆ ಡಿಸ್ಕ್‌ನಲ್ಲಿ ಏನನ್ನೂ ಅಳಿಸಬೇಡಿ, ಬೇರೆಯವರಿಗೆ ಸಿನಿಮಾ ತುಂಬಿಕೊಡಲೂ ಬಳಸಬೇಡಿ.